ಮಘೆ ಮಳೆ ಕೈಕೊಟ್ಟಿದೆ: ಕುರಿ ಈಗಲೇ ಮಾರಲಾ, ಉತ್ತರೆವರೆಗೆ ಕಾಯಲಾ?

ಹಟ್ಟಿಹುಡುಗ | ಚಳ್ಳಕೆರೆ ತಾಲ್ಲೂಕು | ಆಗಸ್ಟ್ 27, ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಲೇಬೇಕಾಗಿ ಬಂದಿದೆ. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು 9 ಎಕರೆ ಖುಷ್ಕಿ. ಅದರಲ್ಲಿ 7 ಎಕರೆಗೆ ಶೇಂಗಾ ಹಾಕಿದ್ದೇವೆ. ಒಂದು ಬೋರ್ ಇದೆ, ಒಂದೂವರೆ ಇಂಚು ನೀರು. ಅದೂ ಎರಡು ಗಂಟೆ ಓಡಿಸಿದರೆ ಆಮೇಲೆ ಗಾಳಿ ಉಗುಳುತ್ತದೆ. ಕುರಿ 70: ತಾಯಿ ಕುರಿ 42, ಟಗರು 2, ಮರಿ 26. ಮರಿಗಳಲ್ಲಿ 15 ಗಂಡು. ಎಲ್ಲಾ ಬಳ್ಳಾರಿ ತಳಿ, ಕರಿ ಉಣ್ಣೆಯವು. ಉಣ್ಣೆಗೆ ಈಗ ಬೆಲೆಯೇ ಇಲ್ಲ ಬಿಡಿ, ಕತ್ತರಿಸುವವನಿಗೆ ಕೊಡುವ ಕೂಲಿಯೂ ಹುಟ್ಟುವುದಿಲ್ಲ. ಕಂಬಳಿಯ ಊರಿನವರಾಗಿ ಈ ಮಾತು ಹೇಳಬೇಕಾಗಿದೆ. ಇದರ ಜೊತೆ ಒಂದು ಸೀಮೆ ಹಸು, ಎರಡು ನಾಟಿ ಹಸು, ಎರಡು ಎತ್ತು. ಎತ್ತುಗಳಲ್ಲಿ ಒಂದಕ್ಕೆ ವಯಸ್ಸಾಗಿದೆ, ನೇಗಿಲಿಗೆ ಕಟ್ಟುವ ಹಾಗಿಲ್ಲ.

ನಾನು ಬೆಂಗಳೂರಿನಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದೆ. ಅಪ್ಪ ಬಿದ್ದು ಸೊಂಟ ಮುರಿದುಕೊಂಡ ಮೇಲೆ 2022ರಲ್ಲಿ ಊರಿಗೆ ಬಂದೆ. ಆ ವರ್ಷದ ಸೆಪ್ಟೆಂಬರ್‌ನಲ್ಲೇ ವಾಣಿವಿಲಾಸ ಸಾಗರ ಕೋಡಿ ಬಿದ್ದಿದ್ದು, 1933ರ ನಂತರ ಮೊದಲ ಸಲ. ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿ ನೋಡಲು ಹೋಗಿತ್ತು. ಕುರಿ ಸಾಕುವುದು ಎಂಥ ಸುಲಭದ ಕೆಲಸ ಅಂದುಕೊಂಡೆ. ಮರುವರ್ಷ 2023. ಆ ಆಗಸ್ಟ್ ನಿಮಗೆಲ್ಲ ನೆನಪಿರುತ್ತದೆ. 1901ರಿಂದ ಲೆಕ್ಕ ಇಟ್ಟಾಗಿನಿಂದ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲವಂತೆ. ರಾಜ್ಯದ 236 ತಾಲ್ಲೂಕಿನಲ್ಲಿ 223ನ್ನು ಬರ ಎಂದು ಘೋಷಿಸಿದರು.

ಆಗ ನಾನು ಮಾಡಿದ ತಪ್ಪು ಏನಂದರೆ, ಕಾದೆ. ಮಘೆ ಮಳೆಯ ಎರಡು ವಾರ ಹೋಯಿತು, ಮುಂದಿನ ಹುಬ್ಬೆ ಬರಲಿ ಅಂದೆ. ಹುಬ್ಬೆ ಹೋಯಿತು, ಉತ್ತರೆ ಬರಲಿ ಅಂದೆ. ಕೊನೆಗೆ ನವೆಂಬರ್‌ನಲ್ಲಿ ಸಂತೆಗೆ ಹೊಡೆದುಕೊಂಡು ಹೋದಾಗ ನನ್ನ ಥರ ಕಾದವರೆಲ್ಲ ಅಲ್ಲೇ ಇದ್ದರು. ಕುರಿಗಳ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಹೇಳಿದ ರೇಟು ಆಗಸ್ಟ್‌ನ ರೇಟಿನ ಅರ್ಧ. ಅದೇ ವಾರ ಭತ್ತದ ಹುಲ್ಲು ಒಂದು ಟ್ರ್ಯಾಕ್ಟರ್ ಲೋಡಿಗೆ 14,000 ರೂಪಾಯಿ ಕೊಟ್ಟೆ. ಮಾರುವುದು ಅಗ್ಗ, ಕೊಳ್ಳುವುದು ತುಟ್ಟಿ.

ಈ ವರ್ಷವೂ ಅದೇ ದಾರಿ ಕಾಣುತ್ತಿದೆ. ಮೇ ತಿಂಗಳಲ್ಲಿ ಬೇಡ ಬೇಡ ಅಂದರೂ ಸುರಿಯಿತು. ಜುಲೈನಲ್ಲಿ ತುಂತುರು, ಬಿತ್ತುವಷ್ಟು ಹದ ಕೊಟ್ಟಿತು. ಆಶ್ಲೇಷದಿಂದ ಒಂದು ಹನಿ ಇಲ್ಲ. ಶೇಂಗಾ ಕಾಯಿ ಇಳಿಯುವ ಹೊತ್ತಿಗೆ ಮಧ್ಯಾಹ್ನ ಎಲೆ ಮಡಚಿಕೊಂಡು ನಿಲ್ಲುತ್ತಿದೆ. ಬಿಸಿಲು ಏಪ್ರಿಲ್ ಥರ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ ಅಪ್ಪ ಪ್ರತಿ ವರ್ಷ ಹೇಳುತ್ತಾರೆ. ಈ ವರ್ಷ ಹೇಳಿಲ್ಲ.

ಆದರೆ ಅಪ್ಪನ ವಾದವೂ ಸುಳ್ಳಲ್ಲ. ನಮ್ಮ ಕಡೆ ಮುಖ್ಯ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಉತ್ತರೆ, ಹಸ್ತೆ ಎರಡು ಸಲ ಹೊಡೆದರೆ ಹುಲ್ಲು ಮೊಣಕಾಲಿಗೆ ಬರುತ್ತದೆ. "ಈಗ ಮಾರಿ, ಆಮೇಲೆ ಮಳೆ ಬಂದು, ಖಾಲಿ ರೊಪ್ಪ ನೋಡ್ಕೊಂಡು ಕೂರ್ತೀಯಾ?" ಅಂತಾರೆ. ಮುಂಚೆ ಬರ ಬಂದರೆ ಮೇಯಿಸಲು ಅಮೃತಮಹಲ್ ಕಾವಲಿನ ಹುಲ್ಲುಗಾವಲು ಇತ್ತು. ಅದರಲ್ಲಿ ಸುಮಾರು 10,000 ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಗಿ ಗೋಡೆ ಎದ್ದಿದೆ. ಉಳಿದದ್ದು ರಸ್ತೆ ಬದಿ, ಕೆರೆ ಅಂಗಳ, ಬಳ್ಳಾರಿ ಜಾಲಿ.

ಮೇವು ಎಷ್ಟಿದೆ ಅಂದರೆ ರಾಗಿ ಹುಲ್ಲು, ಹೋದ ವರ್ಷದ ಶೇಂಗಾ ಹೊಟ್ಟು ಸೇರಿ 3 ಟನ್ ಇರಬಹುದು. ಪಕ್ಕದ ಹೊಲದವರು ಜೋಳ ಮೊಣಕಾಲುದ್ದಕ್ಕೇ ಬಾಡಿ ನಿಂತಿದೆ, ಕುರಿ ಬಿಟ್ಟುಕೋ ಅಂದಿದ್ದಾರೆ. ನಾಳೆ ಬಿಡೋಣ ಅಂತಿದ್ದೇನೆ. ಅದೊಂದು ವಾರ ನಡೆಯುತ್ತದೆ.

ಇಂಥ ಹೊತ್ತಲ್ಲಿ ನೀವೆಲ್ಲ ಏನು ಮಾಡುತ್ತೀರಿ? ಯಾವುದನ್ನು ಮೊದಲು ಮಾರುತ್ತೀರಿ, ಯಾವಾಗ?

ಹಳೇ ದನದ ಡಾಕ್ಟ್ರು | ಆಗಸ್ಟ್ 27, 20 ನಿಮಿಷದ ನಂತರ

ಬೇರೆ ಎಲ್ಲಾ ಆಮೇಲೆ. ಆ ಜೋಳಕ್ಕೆ ಕುರಿ ಬಿಡಬೇಡ. ಹಸುವನ್ನೂ ಬಿಡಬೇಡ. ಇದನ್ನು ಓದಿದ ತಕ್ಷಣ ಒಂದು ಸಾಲು ಬರೆದು ತಿಳಿಸು.

ಹಟ್ಟಿಹುಡುಗ | ಆಗಸ್ಟ್ 27

ಓದಿದೆ ಸರ್. ಬಿಡುವುದಿಲ್ಲ. ಆದರೆ ಯಾಕೆ? ಜೋಳದ ಸಪ್ಪೆ ತಿಂದುಕೊಂಡೇ ಬೆಳೆದ ದನ ನಮ್ಮವು.

ಹಳೇ ದನದ ಡಾಕ್ಟ್ರು | ಆಗಸ್ಟ್ 27, ಮಧ್ಯಾಹ್ನ

ಒಣಗಿದ ಸಪ್ಪೆ ಬೇರೆ, ನೀರಿಲ್ಲದೆ ಸೊರಗಿ ನಿಂತ ಎಳೆ ಜೋಳ ಬೇರೆ. ಎಳೆ ಜೋಳದಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇರುತ್ತದೆ. ಪೈರು ಬಾಡಿದಾಗ ಅದು ಏರುತ್ತದೆ. ಕೊಯ್ದ ಬುಡದಿಂದ ಬರುವ ಕೂಳೆ ಚಿಗುರಿನಲ್ಲೂ ಜಾಸ್ತಿ. ಬರದ ನಡುವೆ ಒಂದು ಮಳೆ ಬಿದ್ದು ಹಸಿರಾಗಿ ಚಿಗುರುತ್ತದಲ್ಲ, ಅದು ಎಲ್ಲಕ್ಕಿಂತ ಮೋಸದ್ದು. ಹಸಿದ ದನ ಗಬಗಬ ತಿನ್ನುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಉಬ್ಬಸ, ಬಾಯಲ್ಲಿ ನೊರೆ, ನಡುಕ, ಬಿದ್ದರೆ ಮುಗಿಯಿತು. ರಕ್ತ ನೋಡಿದರೆ ಹೊಳೆಯುವ ಕೆಂಪು. ಔಷಧಿ ಇದೆ, ನರಕ್ಕೆ ಚುಚ್ಚುವ ಸೋಡಿಯಂ ಥಯೋಸಲ್ಫೇಟ್. ಆದರೆ ನಾನು ಬೈಕಿನಲ್ಲಿ ಹಟ್ಟಿ ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಊರವರು ಗುಂಡಿ ತೋಡುತ್ತಿದ್ದರು. ಒಂದೇ ಬೆಳಗ್ಗೆ ಒಂದೇ ಮನೆಯ ನಾಲ್ಕು ದನ ನೋಡಿದ್ದೇನೆ.

ಆ ಜೋಳವನ್ನು ಬಿಸಾಡಬೇಕಿಲ್ಲ. ಕೊಯ್ದು, ತೆಳ್ಳಗೆ ಹರಡಿ, ಚೆನ್ನಾಗಿ ಗರಿಗರಿ ಒಣಗಿಸಿದರೆ ಆ ವಿಷ ಬಹುಪಾಲು ಹಾರಿಹೋಗುತ್ತದೆ. ಆಮೇಲೆ ಬೇರೆ ಹುಲ್ಲಿನ ಜೊತೆ ಬೆರೆಸಿ ಹಾಕು. ಮೆಕ್ಕೆಜೋಳ ಬಾಡಿದ್ದರೆ ಕಥೆ ಬೇರೆ. ಅದರ ಬುಡದಲ್ಲಿ ನೈಟ್ರೇಟ್ ಸೇರಿಕೊಂಡಿರುತ್ತದೆ, ಒಣಗಿಸಿದರೂ ಹೋಗದು. ಬುಡದ ಒಂದು ಅಡಿ ಬಿಟ್ಟು ಮೇಲಕ್ಕೆ ಕೊಯ್ಯಬೇಕು.

ಈಗ ನಿನ್ನ ಪ್ರಶ್ನೆ. ಆಕಾಶ ನೋಡುವುದು ಬಿಟ್ಟು ಬಣವೆ ನೋಡು. ಎಷ್ಟು ಬಾಯಿ, ದಿನಕ್ಕೆ ಎಷ್ಟು, ಎಷ್ಟು ದಿನ. ದೊಡ್ಡ ದನ ಜೀವ ಹಿಡಿದು ನಿಲ್ಲಲು ದಿನಕ್ಕೆ 7 ಕೆ.ಜಿ. ಒಣ ಮೇವು ಅಂತಿಟ್ಟುಕೋ. ಐದಕ್ಕೆ 35. ಕುರಿಗೆ ಒಂದು ಕೆ.ಜಿ. ಬೇಕು, ಅರ್ಧ ಹೊರಗೆ ಮೇಯ್ದುಕೊಂಡು ಬರುತ್ತದೆ ಅಂದರೂ 70ಕ್ಕೆ 35. ಒಟ್ಟು ದಿನಕ್ಕೆ 70 ಕೆ.ಜಿ. ನಿನ್ನ 3 ಟನ್ ಎಷ್ಟು ದಿನಕ್ಕೆ ಬಂತು? 43 ದಿನ. ಅಕ್ಟೋಬರ್ 10ರ ಹೊತ್ತಿಗೆ ಬಣವೆ ಇದ್ದ ಜಾಗದಲ್ಲಿ ಗೂಟ ಮಾತ್ರ ಇರುತ್ತದೆ. ಹಸ್ತೆ ಮಳೆ ಮುಗಿಯುವುದೂ ಆಗಲೇ.

ಇನ್ನೊಂದು ನೋಡು. ನಿನ್ನ ಐದು ದನ ತಿನ್ನುವುದು ಎಪ್ಪತ್ತು ಕುರಿ ತಿಂದಷ್ಟು. ಎಲ್ಲರೂ ಕುರಿ ಮಾರಿದರೆ ಮೇವು ಉಳಿಯುತ್ತದೆ ಅಂದುಕೊಳ್ಳುತ್ತಾರೆ. 23 ಕುರಿ ಮಾರಿದರೂ ದಿನಕ್ಕೆ ಉಳಿಯುವುದು ಹನ್ನೊಂದೂವರೆ ಕೆ.ಜಿ. ಮಾತ್ರ. ಕುರಿ ಮಾರುವುದು ಮೇವು ಉಳಿಸಲಿಕ್ಕಲ್ಲ, ದನಕ್ಕೆ ಮೇವು ಕೊಳ್ಳುವ ದುಡ್ಡಿಗೆ. ಅದಕ್ಕೇ ಬೆಲೆ ಇರುವಾಗ ಮಾರಬೇಕು, ಬೆನ್ನಲ್ಲಿ ಮಾಂಸ ಇರುವಾಗ. ಗಂಡು ಮರಿ 15, ಹಲ್ಲು ಉದುರಿದ ಕುರಿ, ಎರಡು ವರ್ಷದಿಂದ ಗಬ್ಬ ನಿಲ್ಲದ್ದು. ಗಬ್ಬದ ಕುರಿ, ಹೆಣ್ಣು ಮರಿ ಮುಟ್ಟಬೇಡ. ಮಳೆ ಬಂದ ದಿನ ಹಿಂಡು ಮತ್ತೆ ಕಟ್ಟುವುದು ಅವುಗಳಿಂದ.

ಒಣ ಹುಲ್ಲು ಮಾತ್ರ ಗತಿಯಾದರೆ ಯೂರಿಯಾ ಉಪಚಾರ ಮಾಡು. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ, 50 ಲೀಟರ್ ನೀರಲ್ಲಿ ಕರಗಿಸಿ, ಪದರ ಪದರಕ್ಕೆ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಟಾರ್ಪಾಲು ಮುಚ್ಚಿ 21 ದಿನ. ತಿನ್ನಿಸುವ ಮುಂಚೆ ಒಂದು ಗಂಟೆ ಹರಡಿ ವಾಸನೆ ಬಿಡಬೇಕು. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ನೀರಿನ ಬಕೆಟ್ ಕುರಿ ಬಾಯಿಗೆ ಸಿಗದ ಹಾಗೆ ನೋಡಿಕೋ. ರೈತರಿಗೆ ಇದನ್ನು 30 ವರ್ಷ ಹೇಳಿದೆ. ಹತ್ತರಲ್ಲಿ ಒಬ್ಬ ಮಾಡಿದ್ದರೆ ಹೆಚ್ಚು.

ಕರುಳು ಬೇನೆ ಲಸಿಕೆ ಹಾಕಿಸಿದ್ದೀಯಾ? ಇಲ್ಲದಿದ್ದರೆ ಈ ವಾರವೇ ಹಾಕಿಸು. ಬರದಲ್ಲಿ ಸಾಯುವುದಕ್ಕಿಂತ ಬರ ಮುಗಿದು ಹೊಸ ಹುಲ್ಲು ಬಂದಾಗ ಹೊಟ್ಟೆ ಬಿರಿಯ ಮೇಯ್ದು ಸಾಯುವ ಕುರಿಗಳೇ ನಾನು ಹೆಚ್ಚು ನೋಡಿದ್ದು. ಮೊದಲ ಸಲವಾದರೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಡೋಸ್. ಏನಾದರೂ ಸತ್ತರೆ ಹೂಳುವ ಮುಂಚೆ ಮರಣೋತ್ತರ ಪರೀಕ್ಷೆ ಮಾಡಿಸು. ಅದಿಲ್ಲದೆ ಅನುಗ್ರಹ ಯೋಜನೆಯ ಪರಿಹಾರಕ್ಕೆ ಅರ್ಜಿ ಹಾಕಲಾಗದು. ತುರ್ತಿಗೆ 1962ಕ್ಕೆ ಫೋನ್ ಮಾಡು.

ಮುಳಬಾಗಿಲಕ್ಕ | ಆಗಸ್ಟ್ 27, ರಾತ್ರಿ

ತಮ್ಮಾ, ಕುರಿ ವಿಷಯ ನನಗೆ ಗೊತ್ತಿಲ್ಲ. ಮೇವಿನ ವಿಷಯ ಗೊತ್ತು. 14 ವರ್ಷದಿಂದ 6 ಸೀಮೆ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದೇನೆ.

ಆ ಒಂದೂವರೆ ಇಂಚು ನೀರನ್ನು ಶೇಂಗಾಕ್ಕೆ ಬಿಡುತ್ತಿದ್ದೀಯಾ? ನಿಲ್ಲಿಸು. 7 ಎಕರೆಗೆ ಅದು ಸಾಲುವುದೂ ಇಲ್ಲ, ಬೆಳೆ ಉಳಿಸುವುದೂ ಇಲ್ಲ. ಮನೆ ಹತ್ತಿರ 20 ಗುಂಟೆ ಹದ ಮಾಡಿ ಆಫ್ರಿಕನ್ ಟಾಲ್ ಮೆಕ್ಕೆಜೋಳ ಹಾಕು. ಡ್ರಿಪ್ ಪೈಪ್ ಇದ್ದರೆ ಅದರಲ್ಲೇ ನೀರು ಕೊಡು. ಸುಮಾರು 75 ದಿನಕ್ಕೆ ಕೊಯ್ಲು. 5 ಟನ್ ಹಸಿ ಮೇವಾದರೂ ಬರುತ್ತದೆ. ಆಗ ಅದನ್ನು ಹಸಿಯಾಗಿ ತಿನ್ನಿಸಬೇಡ, ರಸಮೇವು ಮಾಡು. ಮಾರ್ಕೆಟ್ಟಿನಲ್ಲಿ ಸೈಲೇಜ್ ಅಂತ ಮಾರುತ್ತಾರಲ್ಲ, ಅದೇ. ನಿನ್ನ ಬರ ಈಗಿನದಲ್ಲ. ಈಗ ಮಳೆ ಹೋದರೆ ಹೊಟ್ಟೆಗೆ ತಟ್ಟುವುದು ಜನವರಿಯಿಂದ.

ನಾನು ಮೊದಲ ಸಲ ಮಾಡಿದ್ದು ಹೇಳಿದರೆ ನಗುತ್ತೀಯ. ಮಳೆಯಲ್ಲಿ ನೆಂದ ಜೋಳ ಹಾಗೇ ಕತ್ತರಿಸಿ ಗುಂಡಿಗೆ ತುಂಬಿದೆ. ತುಳಿಯಲಿಲ್ಲ, ಸುಮ್ನೆ ಮೇಲೊಂದು ಪ್ಲಾಸ್ಟಿಕ್ ಎಳೆದೆ. 50 ದಿನ ಬಿಟ್ಟು ತೆಗೆದರೆ ಕರ್ರಗೆ ಗೊಬ್ಬರ. ಹಸು ಮೂತಿ ತಿರುಗಿಸಿತು. ನಮ್ಮ ಯಜಮಾನರು ಇವತ್ತಿಗೂ ಅದನ್ನು "ನಿನ್ನ ಉಪ್ಪಿನಕಾಯಿ" ಅಂತಾರೆ.

ಎರಡನೇ ಸಲ ಬುದ್ಧಿ ಬಂತು. ತೆನೆಯ ಕಾಳನ್ನು ಉಗುರಲ್ಲಿ ಒತ್ತಿದರೆ ಗಟ್ಟಿ ಹಾಲು ಬರಬೇಕು, ಅದು ಕೊಯ್ಯುವ ಹೊತ್ತು. ಕೊಯ್ದು ಅರ್ಧ ದಿನ ಬಾಡಿಸಿ, ಮೇವು ಕತ್ತರಿಸುವ ಮಿಷನ್‌ನಲ್ಲಿ ಸಣ್ಣಗೆ ಕೊಚ್ಚಿ. ಒಂದು ಹಿಡಿ ತಗೊಂಡು ಮುಷ್ಟಿಯಲ್ಲಿ ಹಿಂಡಿ ಬಿಡು. ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ. ಉಂಡೆ ಕಟ್ಟದೆ ಪುಡಿಪುಡಿ ಉದುರಿದರೆ ಜಾಸ್ತಿ ಒಣಗಿದೆ. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಸರಿ. ಆಮೇಲೆ ಚೀಲಕ್ಕೆ ಪದರ ಪದರ ಹಾಕಿ ತುಳಿಯಬೇಕು. ಗಾಳಿ ಇರಬಾರದು, ಅಷ್ಟೇ ಅದರ ಗುಟ್ಟು. ನಮ್ಮಲ್ಲಿ ಓಣಿ ಮಕ್ಕಳನ್ನೆಲ್ಲ ಕರೆದು ಕುಣಿಸಿದೆವು, ಒಬ್ಬೊಬ್ಬರಿಗೂ ಒಂದು ಐಸ್‌ಕ್ರೀಂ ಕೂಲಿ. 45 ದಿನ ಬಿಟ್ಟು ಬಿಚ್ಚಿದರೆ ಹುಳಿ ಬಂದ ಹಣ್ಣಿನ ವಾಸನೆ ಬರಬೇಕು.

ಇಲಿ ಮಾತ್ರ ನೋಡಿಕೋ. ಚೀಲಕ್ಕೆ ಒಂದು ತೂತು ಬಿದ್ದರೆ ಅಷ್ಟು ಹಾಳು.

ಕಂಬಳಿಹೊತ್ತವ | ಬಾಗಲಕೋಟೆ ಜಿಲ್ಲೆ | ಆಗಸ್ಟ್ 28

ನಮಸ್ಕಾರ್ರಿ. ನಮ್ಮ ಮನೆತನದಲ್ಲಿ ಬಣವೆ ಒಟ್ಟಿ ಕುರಿ ಸಾಕಿದವರು ಯಾರೂ ಇಲ್ಲ. ಮೇವು ಕುರಿ ಹತ್ತಿರ ಬರುವುದಿಲ್ಲ, ಕುರಿಯೇ ಮೇವಿನ ಹತ್ತಿರ ಹೋಗಬೇಕು. ದೀಪಾವಳಿ ಮುಗಿಸಿ ಹೊರಡುತ್ತಿದ್ದೆವು. ಮಳೆ ಕೈಕೊಟ್ಟ ವರ್ಷ ದಸರಾಕ್ಕಿಂತ ಮೊದಲೇ ಹೊರಡುತ್ತೇವೆ. ಕೃಷ್ಣಾ, ಘಟಪ್ರಭಾ ನೀರಾವರಿ ಕಡೆ ಕಬ್ಬು ಕಡಿದ ಹೊಲ, ಗೋವಿನಜೋಳ ಮುರಿದ ಹೊಲ ಸಿಗುತ್ತವೆ. ಹೊಲದವರು ರಾತ್ರಿ ಮಂದೆ ಹಾಕಿಸಿಕೊಂಡು ದುಡ್ಡೋ ಕಾಳೋ ಕೊಡುತ್ತಾರೆ. ಗೊಬ್ಬರ ಅವರಿಗೆ, ಮೇವು ನಮಗೆ.

ನಿಮ್ಮ ಕಡೆಯವರಿಗೆ ಭದ್ರಾ ನಾಲೆಯ ದಾವಣಗೆರೆ ಭಾಗ ಹತ್ತಿರ ಆಗುತ್ತದೆ ನೋಡ್ರಿ. ಆದರೆ ಹೊಸಬರು ಒಬ್ಬರೇ ಹೊರಡಬೇಡಿ. ಮೂರು ನಾಲ್ಕು ಮನೆಯವರು ಕೂಡಿ, ದಾರಿ ಗೊತ್ತಿರುವ ಹಿರಿಯರೊಬ್ಬರನ್ನು ಮುಂದೆ ಇಟ್ಟುಕೊಂಡು ಹೊರಡಬೇಕು. ನಮ್ಮ ಅಜ್ಜ ಕುದುರೆ ಮೇಲೆ ಸಾಮಾನು ಹೇರುತ್ತಿದ್ದ, ನಾವು ಟಂಟಂ ಬಾಡಿಗೆ ಹಿಡಿಯುತ್ತೇವೆ. ಹೊಲಕ್ಕೆ ಇಳಿಯುವ ಮೊದಲು ಒಂದೇ ಮಾತು ಕೇಳಬೇಕು: ಎಣ್ಣೆ (ಕೀಟನಾಶಕ) ಹೊಡೆದು ಎಷ್ಟು ದಿನ ಆಯಿತು? ಮಾಲೀಕ ತಡವರಿಸಿದರೆ ಆ ಹೊಲ ಬೇಡ. ಹತ್ತಿ ಹೊಲವಂತೂ ಬೇಡವೇ ಬೇಡ.

ನಿಮ್ಮ ಅಪ್ಪಾಜಿಗೆ ಸೊಂಟ ಸರಿ ಇಲ್ಲ ಅಂದಿರಿ. ಮನೆಯಲ್ಲಿ ದನ ನೋಡುವವರು ಯಾರು? ಅದನ್ನು ಯೋಚಿಸಿ ಹೊರಡಿ. ಗಂಡು ಮರಿ ಹೊರಡುವ ಮೊದಲು ಮಾರಿಬಿಡಿ. ನಮ್ಮವರು ಅಮೀನಗಡ ಸಂತೆಗೆ ಹಾಕುತ್ತಾರೆ, ನಿಮಗೆ ಶಿರಾ ಹತ್ತಿರ ಇರಬೇಕು.

ಲಾನೋ_ಕನ್ನಡಿಗ | ಟೆಕ್ಸಾಸ್ | ಆಗಸ್ಟ್ 28

ನಾನು ಮೂಲ ಪಾವಗಡದವನು. ಈಗ ಆಸ್ಟಿನ್‌ನಿಂದ ವಾಯುವ್ಯಕ್ಕೆ, ಲಾನೋ ಕಡೆ ಇದ್ದೇನೆ. ಕೆಲಸ ಕಂಪ್ಯೂಟರ್‌ನದು. ಆದರೆ ಬೇಲಿಯ ಆಚೆ ಒಬ್ಬ ಮುದುಕನ ರ‍್ಯಾಂಚ್, 60 ಮಾಂಸದ ಹಸು. ನಿಮ್ಮ ಪೋಸ್ಟ್ ಓದಿ ಒಂದು ಗಳಿಗೆ ಅವನೇ ಬರೆದಿದ್ದಾನೆ ಅನಿಸಿತು. ಇಲ್ಲೂ ಮಳೆ ಎರಡು ಕಂತು: ಮೇ ಆಸುಪಾಸು ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಒಮ್ಮೆ. ನಡುವಿನ ಜುಲೈ, ಆಗಸ್ಟ್ ಕೆಂಡ. ಎರಡನೇ ಕಂತು ಬರುತ್ತದೋ ಇಲ್ಲವೋ ಎಂದು ಆಗಸ್ಟ್ ಕೊನೆಯಲ್ಲಿ ಎಲ್ಲರೂ ಆಕಾಶ ನೋಡುತ್ತಾರೆ.

2011ರಲ್ಲಿ ಟೆಕ್ಸಾಸ್‌ಗೆ ದಾಖಲೆಯ ಬರ. ಅವನೂ ನಿಮ್ಮಂತೆಯೇ ಕಾದನಂತೆ. ಒಣ ಹುಲ್ಲಿನ ಉರುಳೆಗಳು ಬೇರೆ ರಾಜ್ಯಗಳಿಂದ ಲಾರಿಯಲ್ಲಿ ಬಂದವು, ಹುಲ್ಲಿಗಿಂತ ಡೀಸೆಲ್ಲಿಗೆ ಜಾಸ್ತಿ ಕೊಟ್ಟೆ ಅಂತಾನೆ. ಅದರ ನಂತರ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಮೊದಲೇ ಎರಡು ತಾರೀಖಿಗೆ ಸುತ್ತು ಹಾಕಿಡುತ್ತಾನೆ. ಆ ದಿನಕ್ಕೆ ಇಷ್ಟು ಇಂಚು ಮಳೆ ಆಗಿರದಿದ್ದರೆ ಗಬ್ಬ ನಿಲ್ಲದ ಹಸು, ಹಲ್ಲು ಸವೆದ ಹಸು ಲಾರಿ ಹತ್ತಬೇಕು. ಎರಡನೇ ತಾರೀಖಿಗೂ ಆಗದಿದ್ದರೆ ಕರುಗಳನ್ನು ಬೇಗ ತಾಯಿಯಿಂದ ಬಿಡಿಸಿ ಮಾರುತ್ತಾನೆ, ಯಾಕೆಂದರೆ ಹಾಲುಣಿಸದ ಹಸುವಿಗೆ ಮೇವು ಕಡಿಮೆ ಸಾಕು. "ಆ ದಿನ ನಾನು ಯೋಚನೆ ಮಾಡಲ್ಲ, ಮಾರ್ಚ್‌ನಲ್ಲೇ ಯೋಚನೆ ಮಾಡಿಟ್ಟಿರುತ್ತೇನೆ" ಅಂತ ಅವನ ಮಾತು. ಇಲ್ಲಿ ಎಷ್ಟು ಜನ ಹೀಗೆ ಮಾರಿದ್ದಾರೆ ಅಂದರೆ 2024ರ ಜನವರಿ ಎಣಿಕೆಯಲ್ಲಿ ಇಡೀ ಅಮೆರಿಕದಲ್ಲಿ ದನ 8.72 ಕೋಟಿ, 1951ರ ನಂತರ ಅತಿ ಕಡಿಮೆ.

ಇನ್ನೊಂದು ತಮಾಷೆ. ಇಲ್ಲಿ ಪಾಪಾಸುಕಳ್ಳಿ ಬೇಕಾದಷ್ಟು. ಬರ ಬಂದರೆ ಗ್ಯಾಸ್ ಬರ್ನರ್ ಹೆಗಲಿಗೆ ಹಾಕಿಕೊಂಡು ಹೋಗಿ ಮುಳ್ಳು ಸುಡುತ್ತಾರೆ. ಆ ಬೆಂಕಿಯ ಸದ್ದು ಕೇಳಿದರೆ ಸಾಕು, ಹಸುಗಳು ಓಡಿ ಬರುತ್ತವೆ. ಪಾವಗಡದ ಬೇಲಿಗಳಲ್ಲಿ ನಾವು ಅದರ ಹಣ್ಣು ಕಿತ್ತು ತಿಂದು ನಾಲಗೆ ಕೆಂಪು ಮಾಡಿಕೊಂಡಿದ್ದಷ್ಟೇ ಗೊತ್ತು.

ಹಟ್ಟಿಹುಡುಗ | ಆಗಸ್ಟ್ 28, ರಾತ್ರಿ

ಎಲ್ಲರಿಗೂ ದೊಡ್ಡ ನಮಸ್ಕಾರ. ಡಾಕ್ಟ್ರೇ, ನಿಮಗೆ ಎರಡು. ಪಕ್ಕದವರಿಗೂ ಹೇಳಿದೆ. ಅವರು ನಂಬಲಿಲ್ಲ, ಆದರೆ ಅವರ ಹೆಂಡತಿ ನಂಬಿದರು. ಇವತ್ತು ಕೊಯ್ದು ಹರಡಿದ್ದಾರೆ.

ಲಾನೋ ಅಣ್ಣ, ನಿಮ್ಮ ಮುದುಕನ ಕ್ಯಾಲೆಂಡರ್ ಹಿಡಿಸಿತು. ಆದರೆ ಅವನ ಲಾರಿ ನಮಗೆ ಬರುವುದಿಲ್ಲ. 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯಿದೆ ಜಾರಿಗೆ ಬಂದ ಮೇಲೆ ನಮ್ಮ ಕಡೆ ಮುದಿ ಎತ್ತು, ಗೊಡ್ಡು ಹಸು ಕೊಳ್ಳುವವರು ಸಂತೆಯಲ್ಲಿ ಕಾಣುವುದೇ ಇಲ್ಲ. ಕಾಯಿದೆ ಇಲ್ಲದಿದ್ದರೂ ಅಪ್ಪ ಆ ಎತ್ತು ಕೊಡುತ್ತಿದ್ದರಾ ಅಂದರೆ ಅದೂ ಇಲ್ಲ. ನಮ್ಮ ಪಕ್ಕದ ಹಟ್ಟಿಯಲ್ಲಿ ದೇವರ ಎತ್ತುಗಳಿವೆ. ಉಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಬರ ಬಂದರೆ ಅವನ್ನು ಕಾಯುವ ಕಿಲಾರಿ ಊರೂರು ತಿರುಗಿ ಅವಕ್ಕೆ ಮೇವು ಎತ್ತಿಕೊಂಡು ಬರುತ್ತಾನೆ. ಇಲ್ಲಿ ದನ ಎಂದರೆ ಲೆಕ್ಕದ ಆಚೆಯದು. ಹಾಗಾಗಿ ಲೆಕ್ಕವೆಲ್ಲ ಕುರಿಯ ತಲೆ ಮೇಲೆ ಬೀಳುತ್ತದೆ.

ಬಾಗಲಕೋಟೆಯ ಅಣ್ಣ, ನೀವು ಕೇಳಿದ್ದೇ ನನ್ನ ತೊಡಕು. ದನ ನೋಡುವವರು ನಾನೊಬ್ಬನೇ. ವಲಸೆ ನನಗಾಗದು.

ನಾನೂ ಒಂದು ತಾರೀಖಿಗೆ ಸುತ್ತು ಹಾಕಿದ್ದೇನೆ. ಸೆಪ್ಟೆಂಬರ್ 12, ಹುಬ್ಬೆ ಮುಗಿಯುವ ದಿನ. ಅಪ್ಪನಿಗೆ ತೋರಿಸಿದೆ. "ಕ್ಯಾಲೆಂಡರ್ ಹಾಳು ಮಾಡಿದೆ" ಅಂದರು, ಅಷ್ಟೇ.

ಹಟ್ಟಿಹುಡುಗ | ನವೆಂಬರ್ 29

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕೇಳಿ ಹೋದವರು ಆಮೇಲೆ ಏನಾಯಿತು ಅಂತ ಹೇಳುವುದೇ ಇಲ್ಲ ಅಂತ ಇಲ್ಲಿ ಯಾರೋ ಬೈದಿದ್ದರು.

ಹುಬ್ಬೆಯಲ್ಲಿ ಒಂದು ಸಂಜೆ ಗುಡುಗು ಮಾತ್ರ. ಅಂಗಳದ ಧೂಳು ಕೂಡ ಅಡಗಲಿಲ್ಲ. 12 ದಾಟಿತು. ಶಿರಾಕ್ಕೆ 15 ಗಂಡು ಮರಿ, 8 ಹಲ್ಲಿಲ್ಲದ ಕುರಿ ಹೊಡೆದುಕೊಂಡು ಹೋದೆ. ಹಿಂದಿನ ಸಲ ಸಿಕ್ಕಿದ್ದಕ್ಕಿಂತ ಒಳ್ಳೆಯ ರೇಟು. ಮರುದಿನವೇ ಹರಿಹರದ ಕಡೆಯಿಂದ ಹುಲ್ಲು ತರಿಸಿದೆ, ಮೂರು ಲೋಡ್. ಆಗಿನ್ನೂ ಲೋಡಿಗೆ 9,000. ಶೇಂಗಾದಲ್ಲಿ 4 ಎಕರೆಯನ್ನು ಕಾಯಿ ತುಂಬುವ ಮುಂಚೆಯೇ ಕಿತ್ತು ಒಣಗಿಸಿದೆವು. ಮೇವಿನ ಲೆಕ್ಕದಲ್ಲಿ ಅದು ಬಂಗಾರ, ಆದರೆ ಕೀಳುವಾಗ ಅವ್ವ ಹೊಲಕ್ಕೆ ಬರಲಿಲ್ಲ.

ಉತ್ತರೆ ಹನಿಸಿತು. ಹಸ್ತೆ ಖಾಲಿ. ಚಿತ್ತೆಯಲ್ಲಿ ಒಂದು ರಾತ್ರಿ ಸುರಿದದ್ದು ಹಳ್ಳ ಕಟ್ಟಿಕೊಂಡು ಹೋಯಿತು. ಉಳಿದ 3 ಎಕರೆ ಶೇಂಗಾಕ್ಕೆ ತಡವಾಗಿತ್ತು, ಹುಲ್ಲಿಗೆ ಸರಿಯಾಗಿತ್ತು. ಅಪ್ಪ ಇಡೀ ದಿನ ಮಾತಾಡಲಿಲ್ಲ. ಸಂಜೆ ಮಾತ್ರ "ಇನ್ನೊಂದು ತಿಂಗಳು ಕಾದಿದ್ರೆ ಮರಿ ಉಳೀತಿದ್ವು" ಅಂದರು. ಇರಬಹುದು. ನಾನು ವಾದ ಮಾಡಲಿಲ್ಲ.

ಡಾಕ್ಟ್ರೇ, ನೀವು ಹೇಳಿದ್ದೇ ಆಯಿತು. ಮೊದಲ ಡೋಸ್ ಹಾಕಿಸಿದ್ದೆ. ಎರಡನೆಯದು ಹಬ್ಬ, ಸಂತೆ ಅಂತ ಮುಂದಕ್ಕೆ ಹಾಕಿದೆ. ಚಿತ್ತೆಯ ಹೊಸ ಹುಲ್ಲು ಮೇಯ್ದು ಎರಡು ಹೆಣ್ಣು ಮರಿ ರಾತ್ರೋರಾತ್ರಿ ಹೋದವು. ಸಂಜೆ ರೊಪ್ಪಕ್ಕೆ ಬರುವಾಗ ಚೆನ್ನಾಗಿಯೇ ಇದ್ದವು. ಬೆಳಗ್ಗೆಯೇ ಮಿಕ್ಕವಕ್ಕೆಲ್ಲ ಹಾಕಿಸಿದೆ. ಯೂರಿಯಾ ಹುಲ್ಲು ಒಂದು ಸಲ ಮಾಡಿದೆ. ಸೀಮೆ ಹಸು ತಿಂದಿತು, ಮುದಿ ಎತ್ತು ಮೂಸಿ ನನ್ನ ಮುಖ ನೋಡಿತು. ಮೂರನೇ ದಿನಕ್ಕೆ ಅದೂ ತಿಂದಿತು.

ಅಕ್ಕಾ, ನಿಮ್ಮ ಆಫ್ರಿಕನ್ ಟಾಲ್ ಹೋದ ವಾರ ಕೊಯ್ದೆವು. 20 ಗುಂಟೆಗೆ ನಾಲ್ಕು ಟನ್ ಚಿಲ್ಲರೆ. ನಿಮ್ಮ ಮುಷ್ಟಿ ಪರೀಕ್ಷೆ ಮಾಡಿಯೇ ತುಂಬಿದ್ದೇವೆ, ಚೀಲ ಒಟ್ಟು 80. ಇವತ್ತು ಬೆಳಗ್ಗೆ ನೋಡಿದರೆ ಗೋಡೆ ಬದಿಯ ಎರಡು ಚೀಲಕ್ಕೆ ಇಲಿ ಹಲ್ಲು ಹಾಕಿದೆ. ಬೆರಳು ಹೋಗುವಷ್ಟು ತೂತು. ಟೇಪ್ ಹಾಕಿದರೆ ಸಾಕಾ, ಬೇರೆ ಚೀಲಕ್ಕೆ ಸುರಿಯಬೇಕಾ?

ಮುಳಬಾಗಿಲಕ್ಕ | ನವೆಂಬರ್ 29, ರಾತ್ರಿ

ಸುರಿಯಬೇಡ, ಗಾಳಿ ಸೇರುತ್ತದೆ. ತೂತಿನ ಸುತ್ತ ಬೂಸ್ಟು ಬಂದಿದೆಯಾ ನೋಡು. ಬಂದಿದ್ದರೆ ಅಷ್ಟನ್ನು ಕೈಯಿಂದ ತೆಗೆದು ತಿಪ್ಪೆಗೆ ಹಾಕು, ದನಕ್ಕೆ ಹಾಕಬೇಡ. ಆಮೇಲೆ ಅಗಲವಾದ ಟೇಪ್ ಎರಡು ಸುತ್ತು ಹಾಕು. ಆ ಎರಡು ಚೀಲವನ್ನು ಬೇರೆ ಇಟ್ಟು ಮೊದಲು ಅವನ್ನೇ ಬಿಚ್ಚು. ಉಳಿದವನ್ನು ಗೋಡೆಯಿಂದ ಎರಡು ಅಡಿ ದೂರ ಸರಿಸಿ, ಕೆಳಗೆ ಕಲ್ಲು ಚಪ್ಪಡಿ ಹಾಕಿ ಜೋಡಿಸು. ಮತ್ತೆ ಮನೆಗೆ ಒಂದು ಬೆಕ್ಕು ತಾ.